ನಾನು ದೊಡ್ಡ ಹಡಗಾಗಿದ್ದ ವರ್ಷಗಳು

ಬೆಳಿಗ್ಗೆ ಎದ್ದು ನಾನು ಮಾಡುವ ಮೊದಲ ಕೆಲಸ ಬಾಲ್ಕನಿಯ ಬಾಗಿಲು ತೆಗೆದು ಕಡಲು ನೋಡುವುದು. ಮಸ್ಕತ್ತಿನ ಗುಬ್ರಾದಲ್ಲಿರುವ ನಮ್ಮ ಫ್ಲ್ಯಾಟಿನಿಂದ ಕಡಲು ಪೂರ್ತಿ ಕಾಣುವುದಿಲ್ಲ. ಎದುರಿನ ಎರಡು ಕಟ್ಟಡಗಳ ನಡುವೆ ಸೀರೆಯ ಅಂಚಿನಷ್ಟು ನೀಲಿ ಕಾಣುತ್ತದೆ. ನನಗೆ ಅಷ್ಟು ಸಾಕು. ಅದರ ಮೇಲೆ ಬಿಳಿ ನೊರೆ ಉಂಟೋ ಇಲ್ಲವೋ ನೋಡಿ, ಒಳಗೆ ಬಂದು ಚಹಾಕ್ಕೆ ಇಡುತ್ತೇನೆ. ಇವತ್ತು ನೊರೆ ಇರಲಿಲ್ಲ.

ನಮ್ಮವರು ಶೂ ಹಾಕಿಕೊಂಡ ಮೇಲೆ ಕಾರಿನ ಕೀ ಹುಡುಕಿದರು. ಎಂದಿನಂತೆ ಫ್ರಿಜ್ಜಿನ ಮೇಲಿನಿಂದ ತೆಗೆದುಕೊಟ್ಟೆ. ಅವರು ಹೋದ ಮೇಲೆ ಹುಣಸೆಹಣ್ಣು ಹರಡಿಕೊಂಡು ಬೀಜ ತೆಗೆಯಲು ಕೂತೆ. ಟಿ.ವಿ. ಸಣ್ಣಗೆ ಮಾತಾಡುತ್ತಿತ್ತು. ಈಚೆಗೆ ಅದರಲ್ಲಿ ಬರುವುದೆಲ್ಲ ಹಡಗುಗಳದೇ ಸುದ್ದಿ. ಯಾರದೋ ದೊಡ್ಡ ಯುದ್ಧನೌಕೆ ಈ ಕಡೆ ಬಂತು, ಅದರ ಹಿಂದೆ ಇನ್ನೊಂದು ಹೊರಟಿತು. ಜಗಳ ನಮ್ಮ ದೇಶದ್ದಲ್ಲ. ಆದರೂ ಅಂಥ ಸಮಯದಲ್ಲಿ ಎಲ್ಲ ದೇಶದವರೂ ತಮ್ಮ ಸಬ್‌ಮರೀನುಗಳನ್ನು ನೀರಿಗೆ ಇಳಿಸಿಟ್ಟಿರುತ್ತಾರೆ ಎಂದು ನನಗೆ ಗೊತ್ತುಂಟು.

ನಮ್ಮ ಅಳಿಯ ಸುಹಾಸ ಅಂಥ ಒಂದರಲ್ಲಿ ಇದ್ದಾನೆ. ಹೊರಡುವಾಗ ಚೌತಿಗೆ ಮನೆಯಲ್ಲಿರುತ್ತೇನೆ ಎಂದಿದ್ದ. ಚೌತಿ ಹೋಯಿತು, ಗಣಪತಿಯನ್ನು ನೀರಿಗೆ ಬಿಟ್ಟೂ ಆಯಿತು. ಫೋನಿಲ್ಲ, ಮೆಸೇಜಿಲ್ಲ. ಮಗಳು ಸ್ಮಿತಾ ನೌಕಾನೆಲೆಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ. ಆಫೀಸಿಗೆ ಕೇಳಿದರೆ "ಎಲ್ಲ ಸರಿಯಾಗಿದೆ ಮೇಡಂ" ಎನ್ನುತ್ತಾರಂತೆ. ಸರಿಯಿಲ್ಲದಿದ್ದರೂ ಮೊದಲಿಗೆ ಹಾಗೆಯೇ ಹೇಳುತ್ತಾರೆ. ಅದೂ ನನಗೆ ಗೊತ್ತುಂಟು, ಅವಳಿಗೆ ಹೇಳಿಲ್ಲ.

ಬೀಜ ಅರ್ಧ ತೆಗೆದಿದ್ದೆ, ಸ್ಮಿತಾ ಫೋನು ಮಾಡಿದಳು. ಅಲ್ಲಿಯ ತರಬೇತಿ ಶಾಲೆಯ ಸಿಮ್ಯುಲೇಟರ್ ಕೋಣೆಗೆ ಪಕ್ಕದ ಕ್ವಾರ್ಟರ್ಸಿನ ಹುಡುಗಿಯೊಬ್ಬಳು ಕೆಲಸಕ್ಕೆ ಸೇರುತ್ತಿದ್ದಾಳಂತೆ. ನೀನು ಅಂಥದೇ ಕಡೆ ಇದ್ದವಳಲ್ಲವಾ, ಕೆಲಸ ಹೇಗಿರುತ್ತದೆ ಎಂದು ಅವಳಿಗೆ ಒಂದಿಷ್ಟು ಬರೆದು ಕಳಿಸು ಎಂದಳು. ಫೋನು ಇಡುವ ಮೊದಲು, "ಸುಳ್ಳು ಬೇಡ ಅಮ್ಮ. ಹೇಗುಂಟೋ ಹಾಗೆ ಬರಿ" ಎಂದಳು.

ನಿಜವಾಗಿ ಯಾರಿಗೆ ಬೇಕಾಗಿತ್ತು ಎಂದು ನನಗೆ ತಿಳಿಯಿತು. ಹುಣಸೆಹಣ್ಣು ಹಾಗೇ ಬಿಟ್ಟು ಬರೆಯಲು ಕೂತಿದ್ದೇನೆ. ನಡುವೆ ನಾಲ್ಕು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದೆ, ಅದಕ್ಕೇ ಅಕ್ಷರ ಅಲ್ಲಲ್ಲಿ ಓಡಿದೆ.

ಮಸ್ಕತ್ತಿನಲ್ಲಿ ನಾನು ಗೃಹಿಣಿ. ಇಲ್ಲಿಯವರಿಗೆ ಗೊತ್ತಿರುವುದು ಅಷ್ಟೇ. ಮದುವೆಗೆ ಮೊದಲು ಮತ್ತು ಮದುವೆಯಾದ ಮೇಲೂ ಕೆಲವು ವರ್ಷ ನಾನು ಒಂದು ದೊಡ್ಡ ಯುದ್ಧನೌಕೆಯಾಗಿದ್ದೆ ಎಂದರೆ ಯಾರು ನಂಬುತ್ತಾರೆ? ನಮ್ಮವರಿಗೆ ಇಲ್ಲಿ ಕೆಲಸ ಸಿಕ್ಕಾಗ ಹಡಗನ್ನು ಅಲ್ಲೇ ಬಿಟ್ಟು ಬಂದೆ.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರೊಬ್ಬರು ನಮ್ಮನ್ನು ಹಾಲಿನ ಒಂದು ತುದಿಯಲ್ಲಿ ನಿಲ್ಲಿಸಿ, ತಾವು ಇನ್ನೊಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಓದಿಸುತ್ತಿದ್ದರು. ಕೂಗಬಾರದು, ಆದರೆ ಕೊನೆಯ ಅಕ್ಷರವೂ ಅವರಿಗೆ ಕೇಳಬೇಕು. ಆಗ ಅದು ಶಿಕ್ಷೆ ಅನಿಸುತ್ತಿತ್ತು. ಬೇರೆ ರಾಜ್ಯದ ಡಾಕ್‌ಯಾರ್ಡಿನಲ್ಲಿದ್ದ ನನ್ನ ದೊಡ್ಡಪ್ಪ ಅಲ್ಲಿಯ ನೌಕಾಪಡೆಯ ತರಬೇತಿ ಶಾಲೆಯ ಒಂದು ಖಾಲಿ ಹುದ್ದೆಯ ವಿಷಯ ಹೇಳಿದರು. ಇಂಟರ್‌ವ್ಯೂನಲ್ಲಿ ನನಗೆ ಬೇರೇನೂ ಕೇಳಲಿಲ್ಲ. ಒಂದು ಹಿತ್ತಾಳೆಯ ಕೊಳವೆಯ ಬಾಯಿಗೆ ಅಂಕಿಗಳನ್ನು ಓದಲು ಹೇಳಿದರು. ಕೊಳವೆಯ ಆ ತುದಿ ಕೆಳಗಿನ ಮಹಡಿಯಲ್ಲಿತ್ತು. ಕೆಳಗಿನಿಂದ ಒಬ್ಬರು, "ಈ ಹುಡುಗಿ ಸಾಕು, ಉಳಿದವರನ್ನು ಕಳಿಸಿಬಿಡಿ" ಎಂದರು. ಕನ್ನಡದಲ್ಲಿ ಹೇಳಿದ್ದು ಕೇಳಿ ಆಶ್ಚರ್ಯವಾಯಿತು. ಅವರೇ ಪೂವಯ್ಯ ಸರ್, ಕೊಡಗಿನವರು, ಆ ಕೋಣೆಯ ಮುಖ್ಯ ಶಿಕ್ಷಕರು.

ಕೋಣೆ ಎಂದರೆ ಎರಡು ಮಹಡಿ. ಕೆಳಗೆ ಸಬ್‌ಮರೀನಿನ ಒಳಭಾಗದ ಹಾಗೆ ಕಟ್ಟಿದ ಇಕ್ಕಟ್ಟಿನ ಜಾಗ. ಅಲ್ಲಿಂದ ನಿಜವಾದ ಪೆರಿಸ್ಕೋಪು ಮೇಲಿನ ಹಾಲಿಗೆ ತೂರಿಕೊಂಡು ಬರುತ್ತಿತ್ತು. ಹಾಲಿನ ಗೋಡೆಗೆ ಆಕಾಶದ ಬಣ್ಣ, ನೆಲಕ್ಕೆ ಕಡಲಿನ ಬಣ್ಣ. ಹಳಿಯ ಮೇಲೆ ಓಡುವ ಸಣ್ಣ ಗಾಡಿಗಳ ಮೇಲೆ ಮರದ ಹಡಗುಗಳು. ಕೆಳಗಿನಿಂದ ಕಣ್ಣಿಟ್ಟು ನೋಡುವ ಯುವ ಅಧಿಕಾರಿಗೆ ಅವು ಮೈಲುಗಟ್ಟಲೆ ದೂರದ ನಿಜವಾದ ಹಡಗುಗಳಂತೆ ಕಾಣುತ್ತಿದ್ದವು. ಅವುಗಳಲ್ಲಿ ದೊಡ್ಡದನ್ನು ಓಡಿಸುವವಳು ನಾನು. ಒಂದು ಚಕ್ರ ತಿರುಗಿಸಿದರೆ ಅದರ ದಿಕ್ಕು ಬದಲಾಗುತ್ತಿತ್ತು, ಇನ್ನೊಂದರಿಂದ ವೇಗ. ಕೆಳಗಿನವರ ಕೆಲಸ ನನ್ನನ್ನು ಹೊಡೆಯುವುದು. ನನ್ನ ಕೆಲಸ ಸಿಗದಿರುವುದು. ಉಳಿದ ಹೊತ್ತಿನಲ್ಲಿ ಹಡಗುಗಳ ಧೂಳು ಒರೆಸುತ್ತಿದ್ದೆ.

ಹೊಸಬರಿಗೆಲ್ಲ ಮೊದಲ ದಿನ ಒಂದೇ ತಪ್ಪು. ದೊಡ್ಡ ಹಡಗು ಕಂಡ ಕೂಡಲೇ ಅದರ ಹಿಂದೆ ಬೀಳುವುದು. ಸಿನಿಮಾ ನೋಡಿ ಬಂದಿರುತ್ತಿದ್ದರು, ಪಾಪ. ನೀರಿನೊಳಗೆ ಸಬ್‌ಮರೀನು ಓಡುವುದು ಬ್ಯಾಟರಿಯ ಮೇಲೆ. ದೊಡ್ಡ ಯುದ್ಧನೌಕೆಯ ವೇಗಕ್ಕೆ ಅದು ಸರಿಗಟ್ಟುವುದಿಲ್ಲ. ಆದರೂ ಓಡಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಚಾರ್ಜು ಮಾಡಬೇಕಾದರೆ ಮೇಲಕ್ಕೆ ಬಂದು ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳಬೇಕು. ಮೇಲೆ ಬಂದರೆ ಸಿಕ್ಕಿಬಿದ್ದ ಹಾಗೆ. ನಾನು ಚಕ್ರ ಒಂದಿಷ್ಟು ತಿರುಗಿಸಿ ಹೋಗಿಬಿಡುತ್ತಿದ್ದೆ. ಕೆಳಗೆ ಬೆವರು ಒರೆಸಿಕೊಳ್ಳುವವರಿಗೆ ಪೂವಯ್ಯ ಸರ್ ಸಮಾಧಾನದಿಂದ ಹೇಳುತ್ತಿದ್ದರು: ಹೊರಟ ಬಸ್ಸಿನ ಹಿಂದೆ ಓಡುವವನಿಗೆ ಬಸ್ಸು ಸಿಗುವುದಿಲ್ಲ; ಯಾವ ದಾರಿಯಲ್ಲಿ ಬರುತ್ತದೆ ಎಂದು ಮೊದಲೇ ತಿಳಿದು ಮುಂದಿನ ಸ್ಟಾಪಿನಲ್ಲಿ ನಿಂತಿರಬೇಕು, ಅದೂ ಉಸಿರಾಡಿದ್ದು ಕೇಳದ ಹಾಗೆ. ಅರ್ಧ ವಿದ್ಯೆ ಕಾಯುವುದೇ. ದಿನಗಟ್ಟಲೆ ಕಾದು ಕೊನೆಗೆ ಹಡಗು ಬೇರೆ ದಾರಿಯಲ್ಲಿ ಹೋಯಿತು ಎಂದರೆ ಬೇಸರಪಡದೆ ಮತ್ತೆ ಕಾಯುವುದು ಉಳಿದರ್ಧದಲ್ಲಿ ಅರ್ಧ.

ಕಾಯುವುದನ್ನು ಅವರಿಗೆ ಕಲಿಸುತ್ತಾರೆ. ಮನೆಯಲ್ಲಿರುವವರಿಗೆ ಯಾರೂ ಕಲಿಸುವುದಿಲ್ಲ.

ಒಬ್ಬ ಹುಡುಗ ಬಂದಿದ್ದ, ಬಹಳ ಚುರುಕು. ಒಂದು ವಾರ ಕಳೆಯುವುದರೊಳಗೆ ನನ್ನನ್ನು ಪ್ರತಿ ಸಲ ಹೊಡೆಯತೊಡಗಿದ. ನಾನು ಎಡಕ್ಕೆ ತಿರುಗುವ ಮೊದಲೇ ಅವನ ಟಾರ್ಪಿಡೊ, ಎಂದರೆ ಹಾಲಿನ ನೆಲದ ಮೇಲೆ ಓಡುವ ಒಂದು ಬೆಳಕಿನ ಚುಕ್ಕೆ, ಎಡಕ್ಕೆ ಬಂದಿರುತ್ತಿತ್ತು. ದೊಡ್ಡ ಹಡಗು ಯುದ್ಧದಲ್ಲಿ ನೇರ ಹೋಗುವುದಿಲ್ಲ, ಅಂಕುಡೊಂಕಾಗಿ ಹೋಗುತ್ತದೆ. ಟಾರ್ಪಿಡೊ ಹೋಗಿ ಮುಟ್ಟಲು ಹೊತ್ತು ಬೇಕು. ಅಷ್ಟರಲ್ಲಿ ಹಡಗು ಎಲ್ಲಿರುತ್ತದೆ ಎಂದು ಊಹಿಸಿ, ಬರಿ ನೀರಿಗೆ ಬಿಡಬೇಕು. ಈ ಹುಡುಗನ ಊಹೆ ತಪ್ಪುತ್ತಲೇ ಇರಲಿಲ್ಲ. ಅವನಿಗೆ ಜ್ಯೋತಿಷ್ಯ ಬರುತ್ತದೋ ಏನೋ ಎಂದುಕೊಂಡೆ. ಕೊನೆಗೆ ಅವನೇ ಬಂದು ಹೇಳಿದ: "ಮೇಡಂ, ನೀವು ಚಹಾ ಕುಡಿದು ಕಪ್ಪನ್ನು ಸಾಸರಿನ ಮೇಲೆ ಇಡುತ್ತೀರಲ್ಲ, ಆ ಟಿಣ್ ಶಬ್ದ ಕೊಳವೆಯಲ್ಲಿ ಕೇಳುತ್ತದೆ. ಇಟ್ಟ ಕೂಡಲೇ ಎಡಕ್ಕೆ ತಿರುಗುತ್ತೀರಿ."

ನಿಜ. ಬಲಗೈಯಿಂದ ಕಪ್ಪು ಕೆಳಗಿಟ್ಟು ಅದೇ ಕೈ ಚಕ್ರಕ್ಕೆ ಹೋದರೆ ಎಡಕ್ಕೆ ಎಳೆಯುವುದು ಸುಲಭ. ನನಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಪೂವಯ್ಯ ಸರ್ ಹತ್ತಿರ ಹೋದರೆ ಅವರು ನಕ್ಕರು. ನಿಜವಾದ ಹಡಗಿನ ಕ್ಯಾಪ್ಟನ್ನಿಗೂ ಚಹಾ ಉಂಟು, ರೂಢಿ ಉಂಟು, ರೂಢಿಯನ್ನು ಬೇಟೆಗಾರ ಮೊದಲು ಕಲಿಯುತ್ತಾನೆ ಎಂದರು.

ಅವತ್ತು ಮನೆಗೆ ಹೋಗಿ ನಾಲ್ಕು ಹುಣಸೆ ಬೀಜಗಳ ಒಂದು ಮುಖವನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದೆ, ಚೌಕಾಬಾರಕ್ಕೆ ಮಾಡುತ್ತೇವಲ್ಲ, ಹಾಗೆ. ಮರುದಿನದಿಂದ ತಿರುಗುವ ಮೊದಲು ಬೀಜ ಎಸೆಯುತ್ತಿದ್ದೆ. ಬಿಳಿ ಹೆಚ್ಚು ಬಿದ್ದರೆ ಬಲ, ಕಪ್ಪು ಹೆಚ್ಚಾದರೆ ಎಡ, ಸಮ ಬಿದ್ದರೆ ನೇರ. ಶಬ್ದವಾಗದಿರಲಿ ಎಂದು ಕರ್ಚೀಫಿನ ಮೇಲೆ. ಆ ಹುಡುಗ ಆಮೇಲೆ ನನ್ನನ್ನು ಹೊಡೆದದ್ದು ತೀರ ಅಪರೂಪ. ತನ್ನ ಕೋರ್ಸು ಮುಗಿದ ದಿನ ಬೀಜಗಳನ್ನು ನೋಡಬೇಕು ಎಂದು ಕೇಳಿ, ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ದೊಡ್ಡ ಹಡಗಿಗೆ ಇಷ್ಟು ಸಣ್ಣ ಎಂಜಿನ್ನಾ ಎಂದ.

ಹೊಸದಾಗಿ ಸೇರುವ ಹುಡುಗಿಗೆ ಇದನ್ನು ಮುಖ್ಯವಾಗಿ ಹೇಳುತ್ತೇನೆ. ಈಗ ಚಕ್ರವಿಲ್ಲ, ಮರದ ಹಡಗಿಲ್ಲ, ಎಲ್ಲ ಪರದೆಯ ಮೇಲೆ. ನಾನು ಬಿಡುವ ಹೊತ್ತಿಗೇ ಕಂಪ್ಯೂಟರ್ ಪೆಟ್ಟಿಗೆಗಳು ಬರತೊಡಗಿದ್ದವು. ಅದರಲ್ಲಿ ಅಲೆ, ಮೋಡ, ಮಳೆ ಎಲ್ಲ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಕೀ ಒತ್ತುವ ಬೆರಳಿಗೂ ರೂಢಿ ಇರುತ್ತದಮ್ಮ. ನೀನು ಸುಲಭವಾಗಿ ಸಿಕ್ಕಿದರೆ ಅವರು ತಪ್ಪು ಕಲಿತು ಹೋಗುತ್ತಾರೆ.

ನೊಣದ ಕತೆಯನ್ನೂ ಹೇಳಬೇಕು. ಅವತ್ತು ನನ್ನ ಹಡಗು ವಿಮಾನ ಹೊರುವಂಥದ್ದು, ಚಪ್ಪಟೆ ಬೆನ್ನಿನದು. ಕೆಳಗೆ ಒಬ್ಬ ಗಂಭೀರ ಅಧಿಕಾರಿ. ದೊಡ್ಡ ಹಡಗಿನ ಸುತ್ತ ಕಾವಲಿಗೆ ಸಣ್ಣ ಹಡಗುಗಳಿರುತ್ತವೆ. ಅವು ನೀರಿನೊಳಗೆ ಶಬ್ದ ಕಳಿಸಿ, ಹಿಂತಿರುಗಿ ಬಂದ ಸದ್ದಿನಿಂದ ಸಬ್‌ಮರೀನನ್ನು ಹುಡುಕುತ್ತವೆ. ದೊಡ್ಡದರ ಹತ್ತಿರ ಹೋಗಬೇಕಾದರೆ ಈ ಬೇಲಿಯ ಕೆಳಗೆ ನುಸುಳಬೇಕು. ಇವನು ಬಹಳ ತಾಳ್ಮೆಯಿಂದ ನುಸುಳಿ ಬಂದಿದ್ದ. ಇನ್ನೇನು ಹೊಡೆಯಬೇಕು, ಕೊನೆಯ ಸಲ ಪೆರಿಸ್ಕೋಪು ಎತ್ತಿ ನೋಡಿದ. ಅದೇ ಕ್ಷಣ ಒಂದು ನೊಣ ಬಂದು ನನ್ನ ಹಡಗಿನ ಬೆನ್ನ ಮೇಲೆ ಕೂತು ಕಾಲು ಉಜ್ಜಿಕೊಂಡು ಹಾರಿತು. ಕೊಳವೆಯಲ್ಲಿ ಅವನ ಧ್ವನಿ ಬಂತು: ಹೆಲಿಕಾಪ್ಟರ್ ಏಳುತ್ತಿದೆ, ಆಳಕ್ಕೆ ಇಳಿಸಿ. ಇಳಿದರು. ಅಷ್ಟರಲ್ಲಿ ನಾನು ಬೀಜ ಎಸೆದು ತಿರುಗಿ ಹೋಗಿದ್ದೆ. ಅಷ್ಟು ಹೊತ್ತಿನ ಕೆಲಸ ನೀರುಪಾಲು.

ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ವಿಷಯ ತಿಳಿದು ಕೆಳಗಿನವರೂ ಬಿದ್ದು ಬಿದ್ದು ನಕ್ಕರು. ಆ ಅಧಿಕಾರಿಯ ಕಿವಿ ಕೆಂಪಾಗಿತ್ತು. ಪೂವಯ್ಯ ಸರ್ ಮಾತ್ರ ನಗಲಿಲ್ಲ. "ಅವನಿಗೆ ಸಿಕ್ಕಿದ್ದು ಒಂದು ನೋಟ. ಹೆಲಿಕಾಪ್ಟರನ್ನು ನೊಣ ಅಂದುಕೊಂಡವನು ಮನೆಗೆ ಬರುವುದಿಲ್ಲ. ನೊಣವನ್ನು ಹೆಲಿಕಾಪ್ಟರ್ ಅಂದುಕೊಂಡವನು ಬರುತ್ತಾನೆ. ಇವತ್ತು ಪಾಸಾದವನು ಇವನೊಬ್ಬನೇ" ಎಂದರು.

ಸ್ಮಿತಾ, ನಿನ್ನ ಮದುವೆಯ ಮಾತುಕತೆಗೆ ಬಂದಿದ್ದಾಗ ಸುಹಾಸ ನಮ್ಮ ಊರಿನ ಮನೆಯ ಗೇಟನ್ನು ಹಾಕಿದ ಮೇಲೆ ಮತ್ತೊಮ್ಮೆ ಅಲ್ಲಾಡಿಸಿ ನೋಡಿದ. ನೀನು ಅವನನ್ನು ಪುಕ್ಕಲ ಎಂದು ಚೇಷ್ಟೆ ಮಾಡಿದೆ. ನಾನು ಅವತ್ತೇ ನಿಮ್ಮ ಅಪ್ಪನಿಗೆ ಈ ಹುಡುಗ ಆಗಬಹುದು ಎಂದೆ.

ನಾನು ಈಗ ಮತ್ತೆ ಬಾಲ್ಕನಿಗೆ ಹೋಗಿ ಬಂದೆ. ಕಡಲಿನ ನೊರೆಯನ್ನು ಯಾಕೆ ನೋಡುತ್ತೇನೆ ಎಂದು ಬರೆಯದೆ ಮುಂದೆ ಹೋಗಲು ಆಗುವುದಿಲ್ಲ.

ಪೂವಯ್ಯ ಸರ್ ಚಿಕ್ಕ ವಯಸ್ಸಿನಲ್ಲಿ ಒಂದು ಯುದ್ಧ ಕಂಡವರು. ಅದರ ಬಗ್ಗೆ ಮಾತಾಡುತ್ತಿದ್ದದ್ದು ಕಮ್ಮಿ. ಒಮ್ಮೆ ಶಾಲೆಯವರೆಲ್ಲ ಮನೆಮಂದಿಯೊಂದಿಗೆ ಬೀಚಿಗೆ ಪಿಕ್‌ನಿಕ್ ಹೋಗಿದ್ದೆವು. ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು. ಹೆಂಗಸರೆಲ್ಲ ಎಷ್ಟು ಚಂದ ಎನ್ನುತ್ತಿದ್ದರೆ ಅವರು ಕಡಲಿಗೆ ಬೆನ್ನು ಹಾಕಿ ಕೂತಿದ್ದರು. ನಾನು ಅವಲಕ್ಕಿ ಕೊಡಲು ಹೋದಾಗ ಹೇಳಿದರು, "ಇಂಥದೇ ದಿನ ಇತ್ತು, ನೋಡಿ."

ಅವರ ಬೋಟು (ಸಬ್‌ಮರೀನನ್ನು ಅವರು ಹಾಗೆನ್ನುವುದು) ಒಂದು ದೊಡ್ಡ ಹಡಗಿಗೆ ಕಾಯುತ್ತಿತ್ತಂತೆ. ಕಾದ ದಾರಿಯಲ್ಲೇ ಅದು ಬಂತು. ನೀರಿನೊಳಗೆ ಅದರ ಸದ್ದು ಹಿಟ್ಟಿನ ಗಿರಣಿಯ ಹಾಗೆ ಕೇಳುತ್ತಿತ್ತು. ಆದರೆ ಮೇಲೆ ಕಡಲಿನಲ್ಲಿ ಒಂದು ಸುಕ್ಕಿಲ್ಲ. ಅಲೆ ಇದ್ದರೆ ನೊರೆಯ ನಡುವೆ ಪೆರಿಸ್ಕೋಪು ಅಡಗುತ್ತದೆ. ನಯವಾದ ನೀರಿನಲ್ಲಿ ಕೈಯಗಲದ ಕೊಳವೆ ಎತ್ತಿದರೂ ಅದರ ಹಿಂದೆ ಬಿಳಿ ಗೆರೆ ಏಳುತ್ತದೆ, ಹೊಸ ಸೀರೆಗೆ ಸುಣ್ಣ ತಾಗಿದ ಹಾಗೆ. ಆಕಾಶದಿಂದ ನೋಡುವವನಿಗೆ ತಿಳಿಯಾದ ನೀರಿನಲ್ಲಿ ಬೋಟಿನ ನೆರಳೇ ಕಂಡೀತು. ಅವರ ಕ್ಯಾಪ್ಟನ್ ಒಂದು ಸಲ ಎತ್ತಿ ನೋಡಿ ಇಳಿಸಿಬಿಟ್ಟರು. ಒಂದು ಸುಕ್ಕು ಕೊಡು ದೇವರೇ, ಒಂದೇ ಸುಕ್ಕು, ಎಂದು ಗೊಣಗುತ್ತಿದ್ದರಂತೆ. ಆ ಒಂದು ಸಲದ ಗೆರೆಯನ್ನೇ ಯಾರೋ ಕಂಡಿದ್ದರು. ದೊಡ್ಡ ಹಡಗು ದಿಕ್ಕು ಬದಲಿಸಿ ಹೋಯಿತು, ಕಾವಲಿನವು ಇವರ ಮೇಲೆ ಬಂದವು.

ಆಮೇಲೆ ಹೇಗೆ ಉಳಿದಿರಿ ಎಂದು ಕೇಳಿದೆ. ಬೆಚ್ಚಗಿನ ನೀರಿನ ಕೆಳಗೆ ತಣ್ಣಗಿನ ನೀರಿನ ಪದರ ಸಿಕ್ಕಿತು ಎಂದರು. ಆ ಎರಡು ನೀರು ಸೇರುವ ಕಡೆ ಹುಡುಕುವ ಶಬ್ದ ಬಾಗಿ ಬೇರೆ ಕಡೆ ಹೋಗುತ್ತದೆ. ಅದರ ಕೆಳಗೆ ಇಳಿದು, ಫ್ಯಾನು ನಿಲ್ಲಿಸಿ, ಚಪ್ಪಲಿ ಬಿಚ್ಚಿ, ಮಾತು ನಿಲ್ಲಿಸಿ ಮಲಗಿದರು. ಇಲ್ಲಿ ಮಸ್ಕತ್ತಿನ ಬೀಚಿನಲ್ಲಿ ಎದೆಯ ತನಕ ಇಳಿದು ನಿಂತರೆ ಕೆಲವು ದಿನ ಎದೆಗೆ ಬೆಚ್ಚಗಿನ ನೀರು, ಪಾದಕ್ಕೆ ತಣ್ಣಗಿನದು ತಾಗುತ್ತದೆ. ಅಂಥ ದಿನ ನಾನು ಪಾದ ಅಲ್ಲಾಡಿಸದೆ ಸ್ವಲ್ಪ ಹೊತ್ತು ನಿಂತಿರುತ್ತೇನೆ.

ಆ ಅನುಭವದಿಂದಲೇ ಇರಬೇಕು, ಪೂವಯ್ಯ ಸರ್ ಮಾಡುತ್ತಿದ್ದ ಒಂದು ಕೆಲಸ ಬೇರೆ ಶಿಕ್ಷಕರು ಮಾಡುತ್ತಿರಲಿಲ್ಲ. ಟಾರ್ಪಿಡೊ ತಾಗಿದರೆ ನಾನು ಮೇಲಿನಿಂದ ಗಂಟೆ ಬಾರಿಸಬೇಕು. ಬೇರೆಯವರ ಕ್ಲಾಸಿನಲ್ಲಿ ಗಂಟೆ ಬಾರಿಸಿದರೆ ಪಾಠ ಮುಗಿದ ಹಾಗೆ. ಬೆನ್ನು ತಟ್ಟಿಕೊಂಡು ಚಹಾಕ್ಕೆ ಹೋಗುತ್ತಿದ್ದರು. ಇವರ ಕ್ಲಾಸಿನಲ್ಲಿ ಬಾಗಿಲು ತೆಗೆಯುವಂತಿಲ್ಲ. ದೀಪ ಆರಿಸಿಬಿಡುತ್ತಿದ್ದರು. ಟಾರ್ಪಿಡೊ ಬಿಟ್ಟ ಕೂಡಲೇ ಬೋಟಿನ ಮೂಗು ಹಗುರಾಗಿ ಮೇಲೇಳಲು ನೋಡುತ್ತದೆ, ಅದನ್ನು ಹಿಡಿಯಬೇಕು. ಟಾರ್ಪಿಡೊದ ಸದ್ದೇ ನೀವು ಎಲ್ಲಿದ್ದೀರಿ ಎಂದು ಊರಿಗೆಲ್ಲ ಸಾರಿರುತ್ತದೆ. ಕಾವಲಿನ ಹಡಗುಗಳು ಈಗ ದೊಡ್ಡದನ್ನು ಬಿಟ್ಟು ನಿಮ್ಮನ್ನು ಹುಡುಕುತ್ತವೆ. ಹೊಡೆಯುವುದು ಅರ್ಧ ಪಾಠ, ಇನ್ನರ್ಧ ಮನೆಗೆ ಹೋಗುವುದು ಎಂದು ಆ ಕತ್ತಲಲ್ಲಿ, ಸೆಕೆಯಲ್ಲಿ ಕೂರಿಸುತ್ತಿದ್ದರು. ಮೇಲಿನ ಹಾಲಿನಲ್ಲಿ ನಾನೂ ಅಲ್ಲಾಡದೆ ಕೂರುತ್ತಿದ್ದೆ. ಹೊಟ್ಟೆ ಹಸಿದು ಗುರುಗುಟ್ಟಿದರೂ ಕೊಳವೆಯಲ್ಲಿ ಕೇಳೀತು ಎಂಬ ಹೆದರಿಕೆ. ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿನಿಂದ.

ಹುಡುಗರು ಬೈಯುತ್ತಿದ್ದರು. ಚಹಾ ತಣ್ಣಗಾಗುತ್ತಿತ್ತು. ಆದರೆ ಅವರ ಕೈಯಲ್ಲಿ ಕಲಿತು ಮುಂದೆ ತಾವೇ ಶಿಕ್ಷಕರಾದವರು ಆ ಪಾಠವನ್ನು ಬಿಡಲಿಲ್ಲ ಎಂದು ಕೇಳಿದ್ದೇನೆ. ಸುಹಾಸನನ್ನು ಒಮ್ಮೆ ಕೇಳಿದ್ದೆ, ನಿಮಗೂ ದೀಪ ಆರಿಸಿ ಕೂರಿಸುತ್ತಿದ್ದರಾ ಎಂದು. ಅವನು ಬೆಚ್ಚಿ, ನಿಮಗೆ ಹೇಗೆ ಗೊತ್ತು ಅತ್ತೆ ಎಂದ. ನಾನು ಇನ್ನೊಂದು ನೀರುದೋಸೆ ಬಡಿಸಿದೆ.

ಇಷ್ಟನ್ನು ಬರೆದು, ಮೊದಲ ಪುಟವೊಂದನ್ನು ಬಿಟ್ಟು ಉಳಿದವುಗಳ ಫೋಟೊ ತೆಗೆದು ಮಧ್ಯಾಹ್ನ ಸ್ಮಿತಾಳಿಗೆ ಕಳಿಸಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಸಾರಿಗೆ ಹುಣಸೆ ಹೆಚ್ಚಾಯಿತು. ಒಗೆದ ಬಟ್ಟೆಯನ್ನು ಎರಡು ಸಲ ಮಡಚಿದೆ. ನಾಲ್ಕು ಬೀಜ ತೆಗೆದು ಸಿಂಕಿನ ಅಂಚಿಗೆ ತಿಕ್ಕಿ ನೋಡಿದೆ. ಸ್ಟೀಲಿಗೆ ಸಿಪ್ಪೆ ಬಿಡಲಿಲ್ಲ.

ಸಂಜೆಯದನ್ನೂ ಸೇರಿಸಿಯೇ ಮುಗಿಸಬೇಕು. ಸುಳ್ಳು ಬೇಡ ಎಂದಿದ್ದಾಳಲ್ಲ.

ಎದುರಿನ ಫ್ಲ್ಯಾಟಿನ ಗಿರಿಜಾ ಧಾರವಾಡದವಳು, ದಿನಾ ಸಂಜೆ ನನ್ನ ಜೊತೆ ಬೀಚಿಗೆ ವಾಕಿಂಗ್ ಬರುತ್ತಾಳೆ. ನನ್ನ ಅಳಿಯ ನೌಕಾಪಡೆಯ ಆಫೀಸಿನಲ್ಲಿ ಇದ್ದಾನೆ ಎಂದು ಮಾತ್ರ ಅವಳಿಗೆ ಗೊತ್ತು. ಇವತ್ತು ಅವಳು ದಾರಿಯುದ್ದಕ್ಕೂ ಖೌದ್ ಬಡಾವಣೆಯ ಅಂಗಡಿಯಲ್ಲಿ ಸಿಕ್ಕಿದ ಜೋಳದ ಹಿಟ್ಟಿನ ಬಗ್ಗೆ ಹೇಳುತ್ತಿದ್ದಳು. ರೊಟ್ಟಿ ತಟ್ಟಿದರೆ ಹರಿಯುತ್ತದಂತೆ. ನಾನು ಹೂಂ ಹೂಂ ಎನ್ನುತ್ತಿದ್ದೆ. ಮರಳಿನ ಹತ್ತಿರ ಬಂದಾಗ ಫೋನು ಬಂತು. ಸ್ಮಿತಾ.

ಓದಿದೆ ಎಂದಳು. ನೊಣದ್ದು ಓದಿ ನಕ್ಕೆ ಎಂದಳು. ಗೇಟು ಅಲ್ಲಾಡಿಸಿದ್ದು ನೀನು ಮರೆತಿಲ್ಲವಾ ಎಂದಳು. ಆಮೇಲೆ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎಂಬ ಹಾಗೆ ಮೆಲ್ಲಗೆ ಕೇಳಿದಳು: "ಅಮ್ಮ, ಇವತ್ತು ಅಲ್ಲಿ ಕಡಲು ಹೇಗುಂಟು?"

ಅವನು ಎಲ್ಲಿದ್ದಾನೆ ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ನೀರಿನಲ್ಲಿ ಇಲ್ಲದಿರಲೂಬಹುದು. ನನ್ನ ಎಡಗಡೆ ಸೂರ್ಯ ಇಳಿಯುತ್ತಿದ್ದ. ದೂರದ ಹಡಗುಗಳ ಬಿಂಬ ತಲೆಕೆಳಗಾಗಿ ನೀರಿನ ಮೇಲೆ ನಿಂತಿತ್ತು. ಒಂದು ಹಕ್ಕಿ ನೀರಿಗೆ ಕೊಕ್ಕು ತಾಗಿಸಿ ಹಾರಿದ ಗೆರೆ ಬಹಳ ಹೊತ್ತು ಅಳಿಸಲಿಲ್ಲ.

ಹಾಲಿನ ಆ ತುದಿಗೂ ಕೇಳುವ ನನ್ನ ಕಾನ್ವೆಂಟಿನ ಧ್ವನಿಯಲ್ಲಿ ಹೇಳಿದೆ, "ಗಾಳಿ ಉಂಟು ಮಗಾ. ಒಳ್ಳೆಯ ಅಲೆ ಉಂಟು."

ಫೋನು ಇನ್ನೂ ಕಿವಿಯಲ್ಲೇ ಇತ್ತು. ಪಕ್ಕದಲ್ಲಿ ಗಿರಿಜಾ ಚಪ್ಪಲಿಯಿಂದ ಮರಳು ಕೊಡವುತ್ತ ಕಡಲ ಕಡೆಗೊಮ್ಮೆ ನೋಡಿ, "ಎಲ್ಲೈತ್ರಿ ಅಕ್ಕಾರ ಅಲಿ? ಇಸ್ತ್ರಿ ಮಾಡಿಟ್ಟಂಗ ಐತಿ, ಒಂದ್ ಸುಕ್ಕಿಲ್ಲ" ಎಂದಳು.